ಒಳಗಿನ ದನಿ ಯಾವ ಭಾಷೆಯಲ್ಲಿ ಮಾತನಾಡುತ್ತದೆ?

ಒಂದು ವರ್ಷದಿಂದ ನಾನು ಹುಬ್ಬಳ್ಳಿಯಲ್ಲಿ ಒಬ್ಬ ಆಪ್ತಸಮಾಲೋಚಕಿಯ ಬಳಿ ಹೋಗುತ್ತಿದ್ದೇನೆ. ಕಾಲೇಜೊಂದರ ಲೆಕ್ಕಪತ್ರ ವಿಭಾಗದಲ್ಲಿ ನನ್ನ ಕೆಲಸ. ಪ್ರತಿ ಮೊತ್ತವನ್ನೂ ನಾಲ್ಕೈದು ಸಲ ಕೂಡಿಸಿ ನೋಡುವುದು, ಮನೆಗೆ ಬಂದ ಮೇಲೂ ಅದೇ ಅಂಕಿಗಳು ಕಣ್ಣ ಮುಂದೆ ಬಂದು ರಾತ್ರಿ ಎರಡು ಗಂಟೆಗೆ ಎದ್ದು ಕೂರುವುದು ಅಭ್ಯಾಸವಾಗಿಬಿಟ್ಟಿತ್ತು. ನಿದ್ದೆಗೆಟ್ಟು ಹೋದವನಿಗೆ ಅವರು ಹೇಳಿದ್ದು ಒಂದೇ: ಎದೆ ಢವಢವ ಎಂದಾಗ ಮನಸ್ಸು ಏನು ಹೇಳಿತೆಂದು ಅದೇ ಹೊತ್ತಿಗೆ ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಮೊದಲ ವಾರ ನಾನು ಬರೆದದ್ದು, ‘ನನ್ನಲ್ಲಿ ಆತ್ಮವಿಶ್ವಾಸದ ಕೊರತೆ ಇದೆ ಎಂದು ಅನ್ನಿಸಿತು.’ ಅವರು ಅದನ್ನು ಓದಿ, “ಇದು ನೀವು ನನಗ ತಿಳಿಲಿ ಅಂತ ಬರದದ್ದರೀ. ಒಳಗ ಹೆಂಗ ಕೇಳಿಸ್ತೈತಿ, ಹಂಗ ಬರೀರಿ” ಎಂದರು. ಎರಡನೆಯ ವಾರ ಬರೆದೆ: “ಅಂಕಿ ಸೈತ ನೆಟ್ಟಗ ಬರಿಯಾಕ ಬರಂಗಿಲ್ಲ ನಿನಗ.” ಹಾಳೆಯ ಮೇಲೆ ಅದನ್ನು ನೋಡಿದ ಕೂಡಲೇ ಮೈ ಜುಮ್ಮೆಂದಿತು. ಆ ಸಾಲಿನಲ್ಲಿ ‘ನನಗೆ’ ಇರಲಿಲ್ಲ, ‘ನಿನಗ’ ಇತ್ತು. ಇಷ್ಟು ವರ್ಷ ನನ್ನದೇ ವಿಚಾರ ಎಂದು ನಾನು ನಂಬಿದ್ದ ಮಾತನ್ನು ಬೇರೆ ಯಾರೋ ನನಗೆ ಹೇಳುತ್ತಿದ್ದರು.

‘ಅನ್ನಿಸಿತು’ ಎಂಬ ನಮ್ಮ ಪದವನ್ನು ನಾನು ಸರಿಯಾಗಿ ಗಮನಿಸಿದ್ದು ಆಗಲೇ. ‘ಅನ್ನು’ ಎಂದರೆ ನುಡಿ. ‘ಅನ್ನಿಸು’ ಎಂದರೆ ನುಡಿಯುವಂತೆ ಮಾಡು. ಅನಿಸಿಕೆ ಎಂಬುದು ಒಳಗೆ ಆಡಲ್ಪಟ್ಟ ಮಾತು ಎಂಬ ತಿಳಿವಳಿಕೆ ಕನ್ನಡದ ಕ್ರಿಯಾಪದದಲ್ಲೇ ಅಡಗಿದೆ. ಹಾವೇರಿ ಸೀಮೆಯ ಬಾಡದಲ್ಲಿ ಹುಟ್ಟಿದ ಕನಕದಾಸರು ತಮ್ಮ ಮನಸ್ಸನ್ನೇ ಎದುರಿಗೆ ಕೂರಿಸಿಕೊಂಡು ಸಮಾಧಾನ ಹೇಳಿದವರು. ಆದ್ದರಿಂದ ಇದೆಲ್ಲ ಪಟ್ಟಣದ ಶ್ರೀಮಂತರ ಹವ್ಯಾಸ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಅಮೆರಿಕದ ಫಿಲಡೆಲ್ಫಿಯಾದಲ್ಲಿ ಮನೋವೈದ್ಯರಾಗಿದ್ದ ಆರನ್ ಬೆಕ್ 1960ರ ದಶಕದಲ್ಲಿ ಗುರುತಿಸಿದ್ದೂ ಇದನ್ನೇ. ರೋಗಿಗಳು ಬಾಯಿಬಿಟ್ಟು ಹೇಳುವ ಮಾತಿನ ಜೊತೆಗೇ ಅವರೊಳಗೆ ಇನ್ನೊಂದು ಮಾತಿನ ಧಾರೆ ಹರಿಯುತ್ತಿರುತ್ತದೆ. ಅದು ಕ್ಷಣಮಾತ್ರದಲ್ಲಿ ಬಂದು ಹೋಗುವುದರಿಂದ ಯಾರೂ ಅದನ್ನು ಪ್ರಶ್ನಿಸದೆ ನಿಜವೆಂದೇ ಒಪ್ಪಿಕೊಂಡುಬಿಡುತ್ತಾರೆ. ಆ ಮಾತನ್ನು ಹಿಡಿದು ನಿಲ್ಲಿಸಿ, ಇದಕ್ಕೆ ಆಧಾರವೇನು, ಇದಕ್ಕೆ ವಿರುದ್ಧವಾದದ್ದೇನು ಎಂದು ವಿಚಾರಿಸುವುದೇ ಅವರು ರೂಪಿಸಿದ ಚಿಕಿತ್ಸೆಯ ತಿರುಳು. ರಷ್ಯಾದ ಮನಶ್ಶಾಸ್ತ್ರಜ್ಞ ವೈಗೋಟ್‌ಸ್ಕಿ 1934ರಲ್ಲಿ ತೀರಿಕೊಳ್ಳುವ ಮೊದಲೇ ಇದರ ಬೇರನ್ನು ಹುಡುಕಿದ್ದರು: ಚಿಕ್ಕ ಮಕ್ಕಳು ಆಡುವಾಗ ತಮ್ಮಷ್ಟಕ್ಕೆ ತಾವು ಗಟ್ಟಿಯಾಗಿ ಆಡಿಕೊಳ್ಳುವ ಮಾತೇ ಮುಂದೆ ಒಳಮಾತಾಗುತ್ತದೆ ಎಂದು. ನನ್ನ ತಂಗಿಯ ನಾಲ್ಕು ವರ್ಷದ ಮಗ ಆಟಿಕೆಯ ಲಾರಿಗೆ ಕಡ್ಡಿ ತುಂಬುತ್ತ, “ಸಾವಕಾಶ, ಚೆಲ್ಲಿಗಿಲ್ಲಿಯೋ ಮತ್ತ” ಎಂದು ತನಗೆ ತಾನೇ ಹೇಳಿಕೊಳ್ಳುತ್ತಾನೆ. ಅದು ಅವನ ಅಜ್ಜಿ ಹಾಲಿನ ತಂಬಿಗೆ ಕೊಡುವಾಗ ದಿನವೂ ಹೇಳುವ ಮಾತು, ಅದೇ ರಾಗದಲ್ಲಿ.

ಹಾಗಾದರೆ ನನ್ನೊಳಗಿನ ‘ನಿನಗ’ ಯಾರದು? ಅದು ಅಪ್ಪನದು ಎಂದು ತಿಳಿಯಲು ನನಗೆ ಎರಡು ತಿಂಗಳು ಬೇಕಾಯಿತು. ಅಪ್ಪ ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಅಡತಿ ಅಂಗಡಿಯೊಂದರ ಗುಮಾಸ್ತರಾಗಿದ್ದರು. ಸೂಟಿಯಲ್ಲಿ ನಾನೂ ಜೊತೆಗೆ ಹೋಗಿ, ತೂಕದವನು ಕೂಗಿದ ಅಂಕಿಯನ್ನು ಪಟ್ಟಿಯಲ್ಲಿ ಬರೆಯುತ್ತಿದ್ದೆ. ಕೆಂಪು ರಾಶಿಗಳ ಘಾಟಿಗೆ ಮೂಗಿಗೆ ಟವೆಲ್ ಕಟ್ಟಿಕೊಂಡು, ಸುರಿಯುವ ಕಣ್ಣೀರು ಒರೆಸಿಕೊಳ್ಳುತ್ತ ಬರೆಯುವಾಗ ಒಂದು ದಿನ 24 ಕಿಲೋದ ಚೀಲಕ್ಕೆ 42 ಎಂದು ಬರೆದೆ. ಸಂಜೆ ಲೆಕ್ಕ ತಾಳೆಯಾಗಲಿಲ್ಲ. ಎಲ್ಲರ ಎದುರಿಗೇ ಅಪ್ಪ ಆ ಮಾತು ಅಂದರು. ನನಗಾಗ ಹನ್ನೆರಡು ವರ್ಷ.

ಇದನ್ನು ಹೇಳಿದಾಗ ಸಮಾಲೋಚಕಿ ಅಪ್ಪನ ಬಗ್ಗೆ ಯಾವ ತೀರ್ಪನ್ನೂ ಕೊಡಲಿಲ್ಲ. ಅಪ್ಪ ಈಗಿಲ್ಲ. ಊರಿಗೆ ಹೋದಾಗ ಅವ್ವನನ್ನು ಕೇಳಿದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆಯೇ ಹೇಳಿದಳು: “ಆ ಹದಿನೆಂಟ ಕಿಲೋದ ರೊಕ್ಕ ಸಾವಕಾರ ನಿಮ್ಮಪ್ಪನ ಪಗಾರದಾಗ ಮುರಕೊಂಡ. ಅವತ್ತ ರಾತ್ರಿ ಅವರು ಉಣಲಿಲ್ಲ. ಹುಡುಗಗ ಅಷ್ಟ ಮಂದ್ಯಾಗ ಅಂದಬಿಟ್ಟೆ ಅಂತ ಭಾಳ ಹೊತ್ತ ಕುಂತಿದ್ದರು.” ಮೂವತ್ತು ವರ್ಷ ನಾನು ತೀರ್ಪೆಂದು ಹೊತ್ತುಕೊಂಡು ತಿರುಗಿದ ಮಾತು, ಪಗಾರಕ್ಕೆ ಹೆದರಿದ ಮನುಷ್ಯನೊಬ್ಬನ ಬಾಯಿಂದ ಒಂದೇ ಒಂದು ಸಂಜೆ ಬಂದದ್ದಾಗಿತ್ತು.

ಈ ಕಾರಣಕ್ಕೇ ನಾನು ಒತ್ತಿ ಹೇಳುವುದು: ಚಿಕಿತ್ಸೆಗೆ ಹೋಗುವವರು ಮನೆಮಾತಿನಲ್ಲೇ ಮಾತನಾಡಬೇಕು, ಕೇಳುವವರಿಗೂ ಆ ಮಾತು ಬರಬೇಕು. ಗ್ರಂಥಸ್ಥ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ನಾನು ಹೇಳಿಕೊಂಡಿದ್ದರೆ ‘ಕೊರತೆ’ ಎಂಬ ಪದ ಸಿಗುತ್ತಿತ್ತು, ಅಪ್ಪ ಸಿಗುತ್ತಿರಲಿಲ್ಲ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ನಾನು ಹೇಳುತ್ತಿರುವುದು ಎಲ್ಲರೊಳಗೂ ನಡೆಯುವ ಮಾತಿನ ಬಗ್ಗೆ. ಯಾರೂ ಇಲ್ಲದಾಗ ಹೊರಗಿನಿಂದ ದನಿ ಕೇಳಿಸುತ್ತಿದ್ದರೆ, ಅಥವಾ ಒಳಗಿನ ಮಾತು ಸಾವಿನ ಕಡೆಗೆ ಎಳೆಯುತ್ತಿದ್ದರೆ, ನೋಟ್‌ಬುಕ್ಕಿನ ದಾರಿ ಸಾಲದು, ವೈದ್ಯರನ್ನೇ ಕಾಣಬೇಕು. ಧಾರವಾಡದಲ್ಲಿ ಮಾನಸಿಕ ಆರೋಗ್ಯದ ಸರ್ಕಾರಿ ಆಸ್ಪತ್ರೆ ಡಿಮ್ಹಾನ್ಸ್ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಧಾರವಾಡದ ಆಸ್ಪತ್ರೆಯ ಹೆಸರನ್ನು ನಮ್ಮ ಕಡೆ ಬೈಗುಳದಂತೆ ಬಳಸುವುದನ್ನು ಕೇಳುತ್ತಲೇ ನಾನು ಬೆಳೆದೆ. ನೆರವು ಬೇಕಾದ ಎಷ್ಟು ಮಂದಿಯನ್ನು ಆ ಬೈಗುಳ ಮನೆಯಲ್ಲೇ ಕೂರಿಸಿತೋ ಎಂದು ನೆನೆದರೆ ಸಂಕಟವಾಗುತ್ತದೆ.

ಆ ದನಿ ಈಗಲೂ ಬರುತ್ತದೆ. ಕಳೆದ ಮಾರ್ಚ್ ಕೊನೆಗೆ ವರ್ಷದ ಲೆಕ್ಕ ಮುಗಿಸುವ ರಾತ್ರಿಯೂ ಬಂತು. ಎಂದಿನಂತೆ ನೋಟ್‌ಬುಕ್ ತೆಗೆದು ಅದರ ಮಾತನ್ನು ಬರೆದೆ. ಅದರ ಕೆಳಗೆ, “ಎರಡ ಸರ್ತಿ ಕೂಡಿಸಿ ನೋಡೀನಪ್ಪಾ, ತಾಳಿ ಆಗೇತಿ. ನೀ ಉಂಡ ಮಲಕೋ” ಎಂದು ಬರೆದು, ಮೂರನೆಯ ಸಲ ಕೂಡಿಸದೆ ಕಂಪ್ಯೂಟರ್ ಮುಚ್ಚಿದೆ.