ನನ್ನದೇ ದುಡ್ಡು, ನನಗೇ ಸಿಗಲ್ಲ

ಮನೆ ಬದಲಿಸುವುದು ಅಂದರೆ ಎಲ್ಲರೂ ಗಾಡಿ ಬಾಡಿಗೆ, ಸಾಮಾನು ಹೊರುವವರ ಕೂಲಿ ಇಷ್ಟನ್ನೇ ಲೆಕ್ಕ ಹಾಕುತ್ತಾರೆ. ಅದು ಬಿಡಿ, ಒಂದು ಸಲದ್ದು. ನನ್ನ ತಲೆ ಕೆಡಿಸಿರುವುದು ಅಡ್ವಾನ್ಸ್. ಹೊಸ ಮನೆಯವರಿಗೆ ಕೀ ಕೈಗೆ ಬರುವ ಮೊದಲೇ ಪೂರ್ತಿ ಕೊಡಬೇಕು, ಹಳೆ ಮನೆಯವರು ಮಾತ್ರ ನಾನು ಖಾಲಿ ಮಾಡಿದ ಮೇಲೆ ಗೋಡೆಯ ಒಂದೊಂದು ಗೀರನ್ನೂ ನೋಡಿ, ರಿಪೇರಿ ಖರ್ಚು ಮುರಿದುಕೊಂಡು, ಉಳಿದದ್ದನ್ನು ನಿಧಾನಕ್ಕೆ ಕೊಡುತ್ತಾರೆ. ಅಲ್ಲಿಯವರೆಗೆ ಎಲ್ಲಿಂದ ತರುವುದು? ಜೊತೆಗೆ ನೋಟಿಸ್ ಅವಧಿ ಮುಗಿಯುವ ತನಕ ಎರಡೂ ಮನೆಗೆ ಬಾಡಿಗೆ ಬೇರೆ.

3ರಿಂದ 6 ತಿಂಗಳ ಖರ್ಚು ತುರ್ತಿಗೆ ಎತ್ತಿಡಿ ಅಂತ ಎಲ್ಲರೂ ಹೇಳುತ್ತಾರೆ. ಎತ್ತಿಟ್ಟಿದ್ದೆ ಸ್ವಾಮಿ, ಅದೇ ಈಗ ಅಡ್ವಾನ್ಸ್ ಆಗಿ ಹೋಯಿತು. ಈ ನಡುವೆ ಹುಷಾರು ತಪ್ಪಿದರೆ ದೇವರೇ ಗತಿ.

"ಒಬ್ಬರೇ ಅಲ್ವಾ, ಏನು ಮಹಾ ಖರ್ಚು" ಅನ್ನುವವರನ್ನು ಕಂಡರೆ ಮೈ ಉರಿಯುತ್ತದೆ. ಒಬ್ಬರೇ ಅಂತ ಇಂಟರ್ನೆಟ್ ಬಿಲ್ ಅರ್ಧ ಬರುತ್ತದಾ? ಫ್ರಿಜ್ ಅರ್ಧ ದಿನ ಓಡುತ್ತದಾ? ಇಬ್ಬರಿದ್ದರೆ ಹಂಚಿಕೊಳ್ಳಬಹುದು, ಇಲ್ಲಿ ಎಲ್ಲವೂ ಒಂದೇ ಸಂಬಳದ ತಲೆ ಮೇಲೆ.

ಲೆಕ್ಕದ ಶೀಟಿನಲ್ಲಿ ಎಲ್ಲ ಬರೆದಿಟ್ಟರೂ "ಇತರೆ" ಅನ್ನುವ ಸಾಲು ದಿನಾ ಉದ್ದವಾಗುತ್ತಿದೆ. ಪರದೆ, ಬಲ್ಬು, ಬಕೆಟ್, ಅಂಟುಪಟ್ಟಿ, ಹೊಸ ಬೀಗ. ಇದರ ಮಧ್ಯೆ ಹಳೆ ಮನೆಯ ಇಂಟರ್ನೆಟ್ ನಿಲ್ಲಿಸಿ ಅಂತ ಹೇಳಿಯಾಗಿದೆ, ಆದರೂ ಈ ತಿಂಗಳೂ ಖಾತೆಯಿಂದ ದುಡ್ಡು ತಾನಾಗಿಯೇ ಕಟ್ ಆಗಿದೆ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ಸುಮ್ನೆ ಸಂಗೀತ ಕೇಳಿಸುತ್ತಾರೆ.