ಮೊದಲು ಮಾಳಿಗೆ ನೋಡಿ, ಆಮೇಲೆ ಇಂಜಿನ್

ನಿವೃತ್ತಿಯಾದ ಮೇಲೆ ಒಂದು ಮೋಟಾರ್‌ಹೋಮ್ ಕೊಂಡು ಊರೂರು ತಿರುಗಬೇಕೆಂದು ನಾನೂ ನನ್ನ ಹೆಂಡತಿಯೂ ನಿಶ್ಚಯಿಸಿ ಒಂದೂವರೆ ವರ್ಷ ಕಳೆಯಿತು. ಹೊಸ ಗಾಡಿಯ ಬೆಲೆ ನಮ್ಮ ಪಿಂಚಣಿಗೆ ನಿಲುಕುವಂಥದಲ್ಲ. ಆದ್ದರಿಂದ ಹಳೆಯ ಟೆಂಪೋ ಟ್ರಾವೆಲರ್‌ನ ಸೀಟುಗಳನ್ನು ಕಿತ್ತು, ಒಳಗೆ ಹಾಸಿಗೆ, ಅಡುಗೆ ಕಟ್ಟೆ, ಸಣ್ಣದೊಂದು ಶೌಚಾಲಯ ಕೂಡಿಸಿ ಯಾರೋ ನಾಲ್ಕಾರು ವರ್ಷ ಬಳಸಿ ಬಿಟ್ಟ ಗಾಡಿಗಳನ್ನೇ ಹುಡುಕುತ್ತಿದ್ದೇವೆ. ಬೆಳಗಾವಿ, ವಿಜಯಪುರ, ಬಾಗಲಕೋಟೆ, ಕೊಲ್ಹಾಪುರಗಳಲ್ಲಿ ಇದುವರೆಗೆ ಐದು ಗಾಡಿಗಳನ್ನು ನೋಡಿದ್ದೇನೆ. ಐದೂ ಕಡೆ ಮಾರುವವರು ಮೊದಲು ಮಾಡಿದ ಕೆಲಸ ಬಾನೆಟ್ ಎತ್ತಿದ್ದು. ನೋಡಲು ಹೋದ ನಾವೂ ಮೊದಮೊದಲು ಅದರೊಳಗೇ ತಲೆ ಹಾಕಿದ್ದು. ಈ ಕ್ರಮವೇ ತಪ್ಪು ಎಂದು ಹೇಳುವುದಕ್ಕಾಗಿ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಟ್ರಾವೆಲರ್ ಗಾಡಿಯ ಇಂಜಿನ್ ಬಿಚ್ಚಿ ಕಟ್ಟಬಲ್ಲ ಮಿಸ್ತ್ರಿ ನಮ್ಮ ಕಡೆ ಪ್ರತಿ ತಾಲ್ಲೂಕಿನಲ್ಲಿಯೂ ಸಿಗುತ್ತಾನೆ, ಬಿಡಿಭಾಗಗಳೂ ಸಿಗುತ್ತವೆ. ಆದರೆ ಗಾಡಿಯೊಳಗಿನ ಮನೆ ಹಾಗಲ್ಲ. ಅದನ್ನು ಯಾವುದೋ ಶೆಡ್‌ನಲ್ಲಿ ಒಬ್ಬ ಬಡಗಿ, ಒಬ್ಬ ವೆಲ್ಡರ್, ಒಬ್ಬ ಎಲೆಕ್ಟ್ರಿಷಿಯನ್ ಸೇರಿ ನಕ್ಷೆಯಿಲ್ಲದೆ ಕಟ್ಟಿರುತ್ತಾರೆ. ಯಾವ ತಂತಿ ಎಲ್ಲಿಂದ ಎಲ್ಲಿಗೆ ಹೋಗಿದೆ, ಹಲಗೆಯ ಹಿಂದೆ ತಗಡು ತುಕ್ಕು ಹಿಡಿದಿದೆಯೇ ಎಂಬುದು ಕಟ್ಟಿದವರನ್ನು ಬಿಟ್ಟರೆ ಯಾರಿಗೂ ತಿಳಿಯದು. ನಮ್ಮ ಹಿರಿಯರು ಊರಲ್ಲಿ ಹಳೆಯ ಮನೆ ಕೊಳ್ಳುವಾಗ ತಲೆಬಾಗಿಲ ಕೆತ್ತನೆಗೆ ಮರುಳಾಗುತ್ತಿರಲಿಲ್ಲ. ನೇರವಾಗಿ ಮಾಳಿಗೆ ಹತ್ತಿ ಮಣ್ಣು ಎಲ್ಲಿ ಕುಸಿದಿದೆ, ಒಳಗೆ ಇಳಿದು ಜಂತಿಯ ಮೇಲೆ ನೀರಿನ ಕಲೆ ಎಲ್ಲಿದೆ ಎಂದು ನೋಡುತ್ತಿದ್ದರು. ಚಕ್ರವಿರುವ ಮನೆಗೂ ಅದೇ ಪರೀಕ್ಷೆ ಸಲ್ಲುತ್ತದೆ.

ನಾನು ನೋಡಿದ ಎರಡನೆಯ ಗಾಡಿ ವಿಜಯಪುರದಲ್ಲಿತ್ತು. ಏಪ್ರಿಲ್ ತಿಂಗಳ ಸುಡು ಬಿಸಿಲು. ಒಳಗೆ ಹೊಸ ವಾಲ್‌ಪೇಪರ್, ಬಣ್ಣದ ಎಲ್‌ಇಡಿ ದೀಪಗಳು, ಅಂಗಡಿಯಿಂದ ಆಗಷ್ಟೇ ತಂದಂತಿದ್ದ ಹಾಸಿಗೆ. ಹೆಂಡತಿಗೆ ಒಪ್ಪಿಗೆಯಾಯಿತು, ನನಗೂ ಮುಂಗಡ ಕೊಟ್ಟುಬಿಡುವ ಮನಸ್ಸಾಯಿತು. ನಮ್ಮ ಜೊತೆ ಬೆಳಗಾವಿಯ ಉದ್ಯಮಬಾಗದಿಂದ ಬಂದಿದ್ದ ಪರಿಚಯದ ಮಿಸ್ತ್ರಿ ಮಾತ್ರ ಇಂಜಿನ್ ಕಡೆ ತಿರುಗಿಯೂ ನೋಡದೆ, ಸಂತೆಯಲ್ಲಿ ಗಡಿಗೆ ಕೊಳ್ಳುವವರು ಬೆರಳ ಗೆಣ್ಣಿನಿಂದ ಬಡಿದು ನೋಡುವಂತೆ ಒಳಗೋಡೆಯನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಬಡಿಯುತ್ತ ಹೋದರು. ಕಪಾಟಿನ ಮೇಲ್ಭಾಗದಲ್ಲಿ ಸದ್ದು ಬದಲಾಯಿತು. ಹೆಬ್ಬೆರಳಿನಿಂದ ಒತ್ತಿದರೆ ಪ್ಲೈವುಡ್ ನೆನೆದ ರೊಟ್ಟಿಯಂತೆ ಒಳಗೆ ಹೋಯಿತು. "ಸರ, ಇಂಜಿನ್ ನಾಳೆ ಬಿಚ್ಚಿ ಕಟ್ಟಬಹುದ್ರಿ. ಇದರ ಹಿಂದ ಏನೈತಿ ಅನ್ನೂದು ಎಲ್ಲಾ ಕಿತ್ತ ಮ್ಯಾಲನ ಗೊತ್ತಾಗತೈತ್ರಿ" ಎಂದರು.

ಆಮೇಲೆ ಏಣಿ ತರಿಸಿ ಚಾವಣಿ ಹತ್ತಿದೆವು. ಕಂಪನಿಯಿಂದ ಬಂದಾಗ ಇದ್ದ ತಗಡು ಸಾಮಾನ್ಯವಾಗಿ ಸೋರುವುದಿಲ್ಲ. ಆಮೇಲೆ ಕೊರೆದ ತೂತುಗಳು ಸೋರುತ್ತವೆ. ಗಾಳಿಕಿಂಡಿ, ಸೋಲಾರ್ ಫಲಕದ ಬೋಲ್ಟು, ಏಸಿ ಕೂಡಿಸಲು ಕತ್ತರಿಸಿದ ಚೌಕ, ತಂತಿ ಇಳಿಸಿದ ರಂಧ್ರ, ಹೀಗೆ ಆ ಗಾಡಿಯ ನೆತ್ತಿಯ ಮೇಲೆ ಹನ್ನೊಂದು ಕಡೆ ತೂತು ಬಿದ್ದಿತ್ತು. ಅಂಚುಗಳಿಗೆ ಬಳಿದ ಸೀಲೆಂಟ್ ವಿಜಯಪುರದ ಬಿಸಿಲಿಗೆ ಒಣಗಿ, ಬೇಸಿಗೆಯ ಎರೆಹೊಲದ ಹಾಗೆ ಬಿರುಕು ಬಿಟ್ಟಿತ್ತು. ನನ್ನ ಮಾತಿನ ತಿರುಳು ಇಲ್ಲಿದೆ: ಒಣನೆಲದಲ್ಲಿ ನಿಂತ ಗಾಡಿ ಸೋರಿಕೆಯನ್ನು ವರ್ಷಗಟ್ಟಲೆ ಬಚ್ಚಿಟ್ಟುಕೊಳ್ಳಬಲ್ಲದು, ಅದನ್ನೇ ಜೂನ್ ತಿಂಗಳಲ್ಲಿ ಬೆಳಗಾವಿಗೋ ಖಾನಾಪುರಕ್ಕೋ ತಂದು ನಿಲ್ಲಿಸಿದರೆ ಒಂದೇ ವಾರದಲ್ಲಿ ಎಲ್ಲವೂ ಬಯಲಾಗುತ್ತದೆ. ಆದ್ದರಿಂದ ಸಾಧ್ಯವಿದ್ದರೆ ಮಳೆ ಬರುವ ದಿನವೇ ಗಾಡಿ ನೋಡಲು ಹೋಗಿ. ಮಳೆಯಿಲ್ಲದಿದ್ದರೆ ಮಾಲೀಕರ ಒಪ್ಪಿಗೆ ಪಡೆದು ಪೈಪಿನಿಂದ ಚಾವಣಿಗೆ ಅರ್ಧ ಗಂಟೆ ನೀರು ಬಿಡಿ. ನಾವು ಹಾಗೆ ಮಾಡಿದಾಗ ಇಪ್ಪತ್ತು ನಿಮಿಷಕ್ಕೆ ಕಪಾಟಿನೊಳಗೆ ಮೊದಲ ಹನಿ ಬಿತ್ತು. ಮಾಲೀಕರು "ಇದೇ ಮೊದಲ ಸಲ" ಎಂದರು. ಇರಬಹುದು, ಆದರೆ ಕಪಾಟಿನ ತಳದಲ್ಲಿದ್ದ ಕಂದು ಕಲೆಗಳು ಒಂದರ ಸುತ್ತ ಇನ್ನೊಂದು ಉಂಗುರವಾಗಿ ಬಿದ್ದಿದ್ದವು, ಅವು ಒಂದು ಸಲದ ಕಲೆಗಳಲ್ಲ. ಅಂದಿನಿಂದ ಹಳೆಯ ಗಾಡಿಯಲ್ಲಿ ಹೊಸ ವಾಲ್‌ಪೇಪರ್ ಕಂಡರೆ ನನಗೆ ಸಂತೋಷಕ್ಕಿಂತ ಸಂಶಯವೇ ಹೆಚ್ಚು. ಒಳಗೆ ಊದುಬತ್ತಿಯೋ ಸೆಂಟೋ ಘಮಘಮಿಸುತ್ತಿದ್ದರೆ ಕಿಟಕಿ ಬಾಗಿಲು ಮುಚ್ಚಿಸಿ ಒಂದು ಗಂಟೆ ಬಿಟ್ಟು ಮತ್ತೆ ಒಳಗೆ ಹೋಗಿ. ಮುಗ್ಗಲು ವಾಸನೆಯನ್ನು ಬಹಳ ಹೊತ್ತು ಅಡಗಿಸಲಾಗದು.

ನೀರು ಮೇಲಿನಿಂದ ಮಾತ್ರ ಬರುವುದಿಲ್ಲ. ಟ್ಯಾಂಕಿಗೆ ನೀರು ತುಂಬಿಸಿ, ಪಂಪ್ ಚಾಲೂ ಮಾಡಿ, ಎಲ್ಲ ನಲ್ಲಿಗಳನ್ನೂ ಮುಚ್ಚಿ ಸುಮ್ಮನೆ ಕುಳಿತುಕೊಳ್ಳಿ. ಒತ್ತಡ ತುಂಬಿದ ಮೇಲೆ ಪಂಪ್ ತಾನಾಗಿ ನಿಲ್ಲಬೇಕು, ನಿಂತದ್ದು ಮತ್ತೆ ಏಳಬಾರದು. ನಲ್ಲಿ ಮುಚ್ಚಿದ್ದರೂ ಐದು ನಿಮಿಷಕ್ಕೊಮ್ಮೆ ಗುರ್ ಎಂದು ಎದ್ದು ನಿಂತರೆ ಕಣ್ಣಿಗೆ ಕಾಣದ ಯಾವುದೋ ಜೋಡಣೆಯಲ್ಲಿ ನೀರು ಜಿನುಗುತ್ತಿದೆ ಎಂದರ್ಥ, ಅಥವಾ ಪಂಪಿನ ಒಳಗಿನ ವಾಲ್ವ್ ಕೆಟ್ಟಿದೆ. ಮಾರುವವರ ಚಹಾ ಕುಡಿಯುತ್ತಲೇ ಮಾಡಬಹುದಾದ ಪರೀಕ್ಷೆ ಇದು.

ಅಡುಗೆ ಅನಿಲದ ವಿಷಯದಲ್ಲಿ ಮಾತ್ರ ನಾನು ಮರ್ಯಾದೆಗೂ ಸುಮ್ಮನಿರುವುದಿಲ್ಲ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗದೆ ನೆಲದ ಮಟ್ಟದಲ್ಲಿ ನೀರಿನಂತೆ ಹರಡಿ ಕೂಡುತ್ತದೆ. ಹಾಗಾಗಿ ಸಿಲಿಂಡರ್ ಇರುವ ಪೆಟ್ಟಿಗೆ ಮಲಗುವ ಜಾಗದಿಂದ ಪೂರ್ತಿ ಬೇರೆಯಾಗಿರಬೇಕು, ಅದರ ತಳದಲ್ಲಿ ಹೊರಕ್ಕೆ ತೆರೆದ ಕಿಂಡಿ ಇರಬೇಕು. ಕೊಲ್ಹಾಪುರದಲ್ಲಿ ನೋಡಿದ ಗಾಡಿಯಲ್ಲಿ ಸಿಲಿಂಡರ್ ಹಾಸಿಗೆಯ ಕೆಳಗಿತ್ತು, ಅದರ ಪಕ್ಕದಲ್ಲೇ ಬ್ಯಾಟರಿ ಮತ್ತು ಇನ್ವರ್ಟರ್ ಇದ್ದವು. ನಾನು ಬೆಲೆಯನ್ನೂ ಕೇಳದೆ ಇಳಿದು ಬಂದೆ. ರಬ್ಬರ್ ಪೈಪಿನ ಮೇಲೆ ತಯಾರಾದ ವರ್ಷ ಅಚ್ಚಾಗಿರುತ್ತದೆ. ಸುರಕ್ಷಾ ಪೈಪನ್ನೂ 5 ವರ್ಷಕ್ಕೊಮ್ಮೆ ಬದಲಿಸಬೇಕು. ಜೋಡಣೆಗಳಿಗೆಲ್ಲ ಸಾಬೂನು ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡಿ.

ವಿದ್ಯುತ್ತಿನ ಲೆಕ್ಕ ಅಷ್ಟು ಕಠಿಣವಲ್ಲ. 12 ವೋಲ್ಟಿನ ಬ್ಯಾಟರಿಯಿಂದ 1,000 ವ್ಯಾಟಿನ ಮಿಕ್ಸರ್ ಓಡಬೇಕಾದರೆ ತಂತಿಯಲ್ಲಿ 80 ಆಂಪಿಯರ್‌ಗೂ ಹೆಚ್ಚು ಕರೆಂಟು ಹರಿಯುತ್ತದೆ. ಮನೆಯ ವೈರಿಂಗಿಗೆ ಬಳಸುವ ತೆಳು ತಂತಿ ಅಲ್ಲಿದ್ದರೆ ಅದು ಬೆಂಕಿಗೆ ಆಹ್ವಾನ. ಬ್ಯಾಟರಿಯ ಹತ್ತಿರವೇ ದಪ್ಪ ಫ್ಯೂಸ್ ಇದೆಯೇ ನೋಡಿ. ಪೂರ್ತಿ ಚಾರ್ಜಾಗಿ ವಿಶ್ರಾಂತಿಯಲ್ಲಿರುವ ಲೆಡ್ ಆಸಿಡ್ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಫ್ರಿಜ್, ಫ್ಯಾನ್, ದೀಪಗಳನ್ನೆಲ್ಲ ಹಚ್ಚಿ ಒಂದು ಗಂಟೆ ಬಿಟ್ಟಾಗ ಅದು 12ಕ್ಕಿಂತ ಕೆಳಗೆ ಬಿದ್ದರೆ ಹೊಸ ಬ್ಯಾಟರಿಯ ಹಣವನ್ನು ಬೆಲೆಯಲ್ಲಿ ಕಳೆಯಲು ಹಿಂಜರಿಯಬೇಡಿ.

ತೂಕದ ಬಗ್ಗೆ ನಮ್ಮಲ್ಲಿ ಯಾರೂ ಮಾತಾಡುವುದಿಲ್ಲ. 100 ಲೀಟರ್ ನೀರೆಂದರೆ 100 ಕಿಲೋ. 150 ಆಂಪಿಯರ್ ಅವರ್‌ನ ಟ್ಯೂಬುಲರ್ ಬ್ಯಾಟರಿಗಳು ಒಂದೊಂದೂ 50 ಕಿಲೋ ಮೀರುತ್ತವೆ. ಎಂಟಡಿಗೆ ನಾಲ್ಕಡಿಯ 18 ಮಿಲಿಮೀಟರ್ ಪ್ಲೈವುಡ್ ಹಾಳೆ ಸುಮಾರು 30 ಕಿಲೋ, ಅಂಥವು ಹತ್ತಾದರೂ ಒಳಗೆ ಸೇರಿರುತ್ತವೆ. ಇದರಲ್ಲಿ ಬಹುಪಾಲು ಹಿಂದಿನ ಅಚ್ಚಿನ ಮೇಲೆ, ಕೆಲವೊಮ್ಮೆ ಅದರಾಚೆಗೂ ಕೂತಿರುತ್ತದೆ. ಕಬ್ಬಿನ ನಾಡಿನಲ್ಲಿರುವ ನಮಗೆ ಒಂದು ಅನುಕೂಲವಿದೆ: ಯಾವ ರಸ್ತೆ ಹಿಡಿದರೂ ತೂಕದ ಕಾಟಾ ಸಿಗುತ್ತದೆ. ಟ್ಯಾಂಕುಗಳನ್ನು ತುಂಬಿಸಿ, ಮೊದಲು ಮುಂದಿನ ಗಾಲಿಗಳನ್ನಷ್ಟೇ ಕಾಟಾದ ಮೇಲೆ ನಿಲ್ಲಿಸಿ, ಆಮೇಲೆ ಇಡೀ ಗಾಡಿಯನ್ನು, ಕೊನೆಗೆ ಹಿಂದಿನ ಗಾಲಿಗಳನ್ನಷ್ಟೇ ತೂಗಿಸಿ, ಆರ್‌ಸಿಯಲ್ಲಿ, ಅಂದರೆ ನೋಂದಣಿ ಪತ್ರದಲ್ಲಿ, ಬರೆದಿರುವ ಒಟ್ಟು ತೂಕದ ಜೊತೆ ಹೋಲಿಸಿ. ಹಂಗಾಮಿನಲ್ಲಿ ಕಬ್ಬಿನ ಟ್ರ್ಯಾಕ್ಟರ್‌ಗಳ ಸಾಲು ಮುಗಿಯುವವರೆಗೆ ಕಾಯಬೇಕಾಗುತ್ತದೆ, ಕಾಟಾದ ಹುಡುಗ ನಿಮ್ಮನ್ನು ವಿಚಿತ್ರವಾಗಿ ನೋಡುತ್ತಾನೆ, ಅಷ್ಟೇ.

ಟೈರಿನ ಗೀರುಗಳು ಆಳವಾಗಿವೆ ಎಂದಮಾತ್ರಕ್ಕೆ ಟೈರನ್ನು ನಂಬಬೇಡಿ. ಇಂಥ ಗಾಡಿಗಳ ಟೈರು ಸವೆಯುವ ಮೊದಲೇ ಮುಪ್ಪಾಗುತ್ತವೆ. ಪಕ್ಕದಲ್ಲಿ ನಾಲ್ಕು ಅಂಕಿಗಳ ಸಂಖ್ಯೆ ಇರುತ್ತದೆ. 2317 ಎಂದಿದ್ದರೆ 2017ರ 23ನೆಯ ವಾರದಲ್ಲಿ ತಯಾರಾದದ್ದು. ಮೀಟರ್ ಕಡಿಮೆ ಓಡಿದೆ ಎಂಬುದನ್ನೂ ಹೊಗಳಿಕೆಯೆಂದು ತಿಳಿಯಬೇಡಿ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಬ್ರೇಕ್ ಸಿಲಿಂಡರ್ ಹಿಡಿದುಕೊಂಡಿರುತ್ತದೆ, ಇಲಿಗಳು ತಂತಿ ಕಡಿದಿರುತ್ತವೆ. ಗೋವಾ ಕಡೆಯಿಂದ ಬಂದದ್ದಾದರೆ ಕೆಳಗೆ ಮಲಗಿ ಚಾಸಿಯ ತುಕ್ಕು ನೋಡಲೇಬೇಕು. ಇಂಜಿನ್ ಪರೀಕ್ಷೆ ಕೊನೆಗಿರಲಿ: ರಾತ್ರಿಯೆಲ್ಲ ತಣ್ಣಗಿದ್ದ ಇಂಜಿನ್ನನ್ನು ನಿಮ್ಮ ಎದುರಿಗೇ ಚಾಲೂ ಮಾಡಿಸಿ, ಹೊಗೆಯ ಬಣ್ಣ ನೋಡಿ, ಆಮೇಲೆ ಒಂದು ಏರು ಹತ್ತಿಸಿ. ಬೆಳಗಾವಿಯವರಿಗೆ ವಂಟಮುರಿ ಘಾಟ್ ಹತ್ತಿರದಲ್ಲೇ ಇದೆ. ಏರುವಾಗ ಕ್ಲಚ್ ಜಾರುವುದೂ ಇಳಿಯುವಾಗ ಬ್ರೇಕ್ ಎಳೆಯುವುದೂ ಅಲ್ಲಿ ಗೊತ್ತಾಗುತ್ತದೆ.

ಇನ್ನು ಕಾಗದಪತ್ರ. ಆರ್‌ಸಿಯಲ್ಲಿ ವಾಹನದ ವರ್ಗ ಏನೆಂದು ಬರೆದಿದೆ, ಎಷ್ಟು ಸೀಟು ಎಂದಿದೆ ಎಂಬುದನ್ನು ಗಾಡಿಯೊಳಗೆ ನಿಂತೇ ಓದಿ. ನಾನು ನೋಡಿದ ಐದರಲ್ಲಿ ಮೂರು ಗಾಡಿಗಳು ಕಾಗದದ ಮೇಲೆ ಇನ್ನೂ ಪ್ರಯಾಣಿಕರ ವಾಹನಗಳೇ. ಸೀಟುಗಳಿದ್ದ ಜಾಗದಲ್ಲಿ ಮಂಚವಿದೆ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ನಮೂದಿಸಿದ ವಿವರಗಳಿಗೆ ಆರ್‌ಸಿ ಹೊಂದದಂತೆ ವಾಹನವನ್ನು ಬದಲಿಸುವಂತಿಲ್ಲ; ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆವಾಸ, ಅಥವಾ ಎರಡೂ ಆಗಬಹುದು. ಮೋಟಾರ್ ಕ್ಯಾರವಾನ್‌ಗಳಿಗೆಂದೇ, ಅಂದರೆ ಇಂಥ ಮನೆಗಾಡಿಗಳಿಗೆಂದೇ, ಎಐಎಸ್ 124 ಎಂಬ ವಾಹನ ಉದ್ಯಮದ ಮಾನದಂಡವೂ ಇದೆ. ದಂಡಕ್ಕಿಂತ ನನಗೆ ಭಯ ವಿಮೆಯದು: ಅಪಘಾತವೋ ಬೆಂಕಿಯೋ ಆದ ದಿನ ಕಾಗದದ ಗಾಡಿಯೂ ರಸ್ತೆಯ ಗಾಡಿಯೂ ಬೇರೆ ಬೇರೆ ಎಂದು ವಿಮೆಯವರು ತಕರಾರು ತೆಗೆದರೆ ನಾವು ಯಾರನ್ನು ಕೇಳುವುದು? ಮಹಾರಾಷ್ಟ್ರದ ಗಾಡಿಯಾದರೆ ನಮೂನೆ 28ರ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಗಾಡಿಯ ಮೇಲೆ ಸಾಲವಿದ್ದರೆ ಅದು ತೀರಿತೆಂದು ತೋರಿಸುವ ನಮೂನೆ 35, ಹೆಸರು ಬದಲಾವಣೆಗೆ ನಮೂನೆ 29 ಮತ್ತು 30 ಬೇಕು. ಇಲ್ಲಿನ ತೆರಿಗೆಯನ್ನೂ ಬೆಲೆಗೆ ಕೂಡಿಸಿಯೇ ಚೌಕಾಸಿಗೆ ಕೂಡಬೇಕು. ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್‌ನಿಂದ ಉಜ್ಜಿ ಅಚ್ಚು ತೆಗೆದುಕೊಂಡು ಆರ್‌ಸಿಗೆ ತಾಳೆ ನೋಡಿ.

ಐದನೆಯ ಗಾಡಿ ಬಾಗಲಕೋಟೆಯದು. ಅದರ ಚಾವಣಿಗೆ ಮುಕ್ಕಾಲು ಗಂಟೆ ನೀರು ಬಿಟ್ಟರೂ ಒಳಗೆ ಹನಿ ಬೀಳಲಿಲ್ಲ, ಸಿಲಿಂಡರಿನ ಪೆಟ್ಟಿಗೆ ಹೊರಗಿನಿಂದಲೇ ತೆರೆಯುತ್ತದೆ, ಕಾಟಾದಲ್ಲಿಯೂ ಮಿತಿಯೊಳಗೆ ಬಂತು. ಮಾಲೀಕರು ಸಜ್ಜನರು, ಒಂದು ರಾತ್ರಿ ಆಲಮಟ್ಟಿಯ ಹತ್ತಿರ ಗಾಡಿಯಲ್ಲೇ ಮಲಗಿ ನೋಡಲು ಕೊಟ್ಟರು. ಆದರೆ ಆರ್‌ಸಿಯಲ್ಲಿ ಇಂದಿಗೂ ಹದಿಮೂರು ಸೀಟುಗಳಿವೆ. "ಇಷ್ಟು ವರ್ಷ ಯಾರೂ ಕೇಳಿಲ್ಲರೀ" ಎನ್ನುತ್ತಾರೆ. ಆರ್‌ಟಿಒದಲ್ಲಿ ಅದು ಸರಿಯಾದ ದಿನ ಪೂರ್ತಿ ಹಣ ತರುತ್ತೇನೆಂದು ಹೇಳಿ ಬಂದು ಮೂರು ವಾರವಾಯಿತು, ಇನ್ನೂ ಫೋನ್ ಬಂದಿಲ್ಲ. ನಮ್ಮ ಮನೆಯವರು ಮಾತ್ರ ಕಿಟಕಿಗಳ ಅಳತೆ ಬರೆದುಕೊಂಡು ಬಂದಿದ್ದಾರೆ, ಪರದೆಗೆ ಗುಳೇದಗುಡ್ಡದ ಖಣದ ಬಟ್ಟೆಯೇ ಆಗಬೇಕಂತೆ.