ಅಣು ಅವಘಡವಾದಾಗ ‘ನಮಗಿನ್ನೂ ಗೊತ್ತಿಲ್ಲ’ ಅಂತ ಹೇಳುವವರು ಬೇಕಲ್ವಾ?

ಅಣು ಸ್ಥಾವರದಲ್ಲಿ ಅವಘಡವಾದಾಗ ಸುತ್ತಲಿನ ಜನ ಕೇಳುವುದು ಒಂದೇ ಪ್ರಶ್ನೆ. ಇಲ್ಲೇ ಇರೋಣವಾ, ಹೊರಡೋಣವಾ? ಉತ್ತರ ಕೊಡಬೇಕಾದವರಿಗೆ ಆ ಹೊತ್ತಿನಲ್ಲಿ ಗೊತ್ತಿರುವುದು ತೀರಾ ಕಡಿಮೆ. ಒಳಗೆ ಇಂಧನ ಎಷ್ಟು ಕರಗಿದೆ, ಎಷ್ಟು ಹೊರಗೆ ಬಂದಿದೆ, ಇನ್ನೆಷ್ಟು ಬರಬಹುದು, ನಾಳೆ ಗಾಳಿ ಯಾವ ಕಡೆಗೆ, ಮಳೆ ಬಂದರೆ ಎಲ್ಲಿ ಬೀಳುತ್ತದೆ, ಯಾವುದೂ ಖಚಿತವಿರುವುದಿಲ್ಲ. ಅದನ್ನು ತಪ್ಪು ಅಂತ ನಾನು ಹೇಳುವುದಿಲ್ಲ. ಎಲ್ಲಾ ಗೊತ್ತಿದೆ ಅನ್ನುವ ದನಿಯಲ್ಲಿ ಆದೇಶ ಕೊಡುತ್ತಾರಲ್ಲ, ಅದು ತಪ್ಪು.

ಜಪಾನಿನ ಫುಕುಶಿಮಾ ಅಣು ಸ್ಥಾವರ ನೋಡಿ. 2011ರ ಮಾರ್ಚ್ 11ರ ಮಧ್ಯಾಹ್ನ ಭೂಕಂಪ, ಹಿಂದೆಯೇ ಸುನಾಮಿ. ಆ ರಾತ್ರಿಯೇ ಸ್ಥಾವರದಿಂದ 3 ಕಿ.ಮೀ. ಒಳಗಿನವರು ಹೊರಡಿ ಅಂದರು. ಮರುದಿನ ಬೆಳಗ್ಗೆ ಅದು 10 ಕಿ.ಮೀ. ಆಯಿತು, ಸಂಜೆ 20. 15ನೇ ತಾರೀಕು 20ರಿಂದ 30 ಕಿ.ಮೀ. ನಡುವಿನವರು ಮನೆಯಿಂದ ಹೊರಗೆ ಬರಬೇಡಿ ಅಂದರು. ಎಲ್ಲವೂ ನಕ್ಷೆಯ ಮೇಲೆ ಎಳೆದ ವೃತ್ತಗಳು. ಮೊದಲ ಗಂಟೆಗಳಲ್ಲಿ ಬೇರೆ ದಾರಿ ಇರಲಿಲ್ಲ, ಒಪ್ಪುತ್ತೇನೆ. ಆದರೆ ಅದೇ 15ರಂದು ಗಾಳಿ ವಾಯವ್ಯಕ್ಕೆ ತಿರುಗಿತು. ಮಳೆ, ಹಿಮ ಬಿದ್ದು ಗಾಳಿಯಲ್ಲಿದ್ದ ವಿಕಿರಣಶೀಲ ವಸ್ತುಗಳು ಆ ದಿಕ್ಕಿನ ನೆಲಕ್ಕೆ ಇಳಿದವು. ಈಟಾಟೆ ಅನ್ನುವ ಹಳ್ಳಿಯ ಬಹುಭಾಗ 30 ಕಿ.ಮೀ. ಗೆರೆಯ ಆಚೆಗಿತ್ತು, ಅದಕ್ಕೇ ಅಲ್ಲಿನವರಿಗೆ ಯಾರೂ ಹೊರಡಿ ಅನ್ನಲಿಲ್ಲ. ಆ ಹಳ್ಳಿಯನ್ನು ತೆರವು ಪ್ರದೇಶ ಅಂತ ಸಾರಿದ್ದು ಏಪ್ರಿಲ್ 22ಕ್ಕೆ. ನಾಮಿಯೆ ಪಟ್ಟಣದ ಕಥೆ ಇನ್ನೂ ಸಂಕಟದ್ದು. ಅಲ್ಲಿನ ಎಷ್ಟೋ ಜನ ದೂರ ಹೋದರೆ ಸಾಕು ಅಂತ ವಾಯವ್ಯದಲ್ಲಿರುವ ತ್ಸುಶಿಮಾ ಅನ್ನುವ ಭಾಗದ ಕಡೆಗೆ ಹೋದರು, ವಿಕಿರಣವೂ ಅದೇ ದಿಕ್ಕಿಗೆ ಹೋಯಿತು.

ಗಾಳಿಯ ದಿಕ್ಕನ್ನು ಲೆಕ್ಕ ಹಾಕಲು ಸ್ಪೀಡಿ ಅನ್ನುವ ಕಂಪ್ಯೂಟರ್ ವ್ಯವಸ್ಥೆ ಜಪಾನಿನಲ್ಲಿ ಇತ್ತು. ವಿದ್ಯುತ್ ಹೋಗಿದ್ದರಿಂದ ಎಷ್ಟು ವಿಕಿರಣ ಹೊರಬಿದ್ದಿದೆ ಅನ್ನುವ ಅಂಕಿ ಅದಕ್ಕೆ ಸಿಗಲಿಲ್ಲ. ಒಂದು ಅಂದಾಜು ಪ್ರಮಾಣ ಇಟ್ಟುಕೊಂಡು ದಿಕ್ಕನ್ನಂತೂ ಅದು ಲೆಕ್ಕ ಹಾಕುತ್ತಲೇ ಇತ್ತು. ಪ್ರಮಾಣ ಖಚಿತವಿಲ್ಲ ಅಂತ ಅದನ್ನು ಬದಿಗಿಟ್ಟರು. ಜನರ ಮುಂದೆ ಮೊದಲ ನಕ್ಷೆ ಬಂದದ್ದು ಮಾರ್ಚ್ 23ಕ್ಕೆ. ನನಗೆ ಇದನ್ನು ಓದಿದಾಗಲೆಲ್ಲ ಸಿಟ್ಟು ಬರುತ್ತದೆ. ‘ಎಷ್ಟು ಅಂತ ಗೊತ್ತಿಲ್ಲ, ಆದರೆ ಈ ಕಡೆ ಹೋಗುವ ಸಾಧ್ಯತೆ ಜಾಸ್ತಿ’ ಅನ್ನುವ ಒಂದು ಮಾತು ಸಾಕಿತ್ತು. ಅರ್ಧ ತಿಳಿದದ್ದನ್ನು ಏನೂ ತಿಳಿಯದ ಲೆಕ್ಕಕ್ಕೆ ಸೇರಿಸಿಬಿಟ್ಟರು.

ಜನ ಗಾಬರಿಯಾಗುತ್ತಾರೆ ಅಂತ ಅಧಿಕಾರದಲ್ಲಿರುವವರು ಯಾವಾಗಲೂ ಹೇಳುತ್ತಾರೆ. 1986ರಲ್ಲಿ ಸೋವಿಯತ್ ಒಕ್ಕೂಟದ ಚೆರ್ನೋಬಿಲ್ ರಿಯಾಕ್ಟರ್ ಸಿಡಿದ ಮರುದಿನದವರೆಗೂ ಪಕ್ಕದ ಪ್ರಿಪ್ಯಾತ್ ಊರಿನ ಸುಮಾರು 49,000 ಜನರನ್ನು ಅಲ್ಲೇ ಇರಲು ಬಿಟ್ಟರು. ಕೊನೆಗೆ ಮೂರು ದಿನದ ಮಟ್ಟಿಗೆ ಅಂತ ಹೇಳಿ ಬಸ್ಸು ಹತ್ತಿಸಿದರು. ಅವರು ವಾಪಸ್ ಹೋಗಲೇ ಇಲ್ಲ. ಹೀಗೆ ನಡೆಸಿಕೊಂಡ ಜನ ಮುಂದೆ ಆ ಸರ್ಕಾರದ ಯಾವ ಅಂಕಿಯನ್ನು ನಂಬಬೇಕು?

ಜನರಿಗೆ ಬೇರೆ ರೀತಿಯಲ್ಲೂ ಹೇಳಬಹುದು. 2011ರ ಮಾರ್ಚ್ 23ರಂದು ಟೋಕಿಯೊದ ಒಂದು ನೀರು ಶುದ್ಧೀಕರಣ ಘಟಕದಲ್ಲಿ ಕಿಲೋಗೆ 210 ಬೆಕರೆಲ್ (ವಿಕಿರಣಶೀಲತೆಯ ಅಳತೆ) ಅಯೋಡಿನ್-131 ಅನ್ನುವ ವಿಕಿರಣಶೀಲ ವಸ್ತು ಸಿಕ್ಕಿದೆ ಅಂತ ಬಹಿರಂಗವಾಗಿ ಹೇಳಿದರು. ಶಿಶುಗಳಿಗೆ ಮಿತಿ 100, ದೊಡ್ಡವರಿಗೆ 300. ಆದ್ದರಿಂದ ಮಗುವಿಗೆ ಈ ನೀರು ಕೊಡಬೇಡಿ, ದೊಡ್ಡವರು ಕುಡಿಯಬಹುದು ಅಂದರು. ಶಿಶುಗಳಿರುವ ಮನೆಗಳಿಗೆ ಬಾಟಲಿ ನೀರು ಹಂಚಿದರು. ಮರುದಿನ ಅಳತೆ ಇಳಿಯಿತು, ನಿರ್ಬಂಧ ತೆಗೆದರು. ಅಂಗಡಿಗಳಲ್ಲಿ ನೀರು ಖಾಲಿಯಾಯಿತು, ನಿಜ. ಆದರೆ ಯಾವ ಅಂಕಿ, ಯಾರಿಗೆ ಅಪಾಯ ಅಂತ ಹೇಳಿ, ಅಳತೆ ಬದಲಾದ ಕೂಡಲೇ ಮಾತನ್ನೂ ಬದಲಿಸಿದರು.

ಇನ್ನೊಂದು ಮಾತು ಒತ್ತಿ ಹೇಳಬೇಕು. ಜನರನ್ನು ಹೊರಡಿಸಿದರೆ ಅವರ ಜೀವ ಉಳಿದಂತೆ ಅಂತ ನಾವೆಲ್ಲ ಸುಮ್ನೆ ಅಂದುಕೊಂಡಿದ್ದೇವೆ. ಫುಕುಶಿಮಾ ಸ್ಥಾವರದ ಹತ್ತಿರದ ಫುತಾಬಾ ಆಸ್ಪತ್ರೆಯಲ್ಲಿ ಹಾಸಿಗೆ ಹಿಡಿದ ವಯಸ್ಸಾದ ರೋಗಿಗಳಿದ್ದರು. ಅವರನ್ನು ಬಸ್ಸುಗಳಲ್ಲಿ ಕೂರಿಸಿ ಗಂಟೆಗಟ್ಟಲೆ ಸಾಗಿಸಿದರು. ಆ ತೆರವಿನ ವೇಳೆ ಮತ್ತು ಅದರ ನಂತರ 40ಕ್ಕೂ ಹೆಚ್ಚು ಜನ ಸತ್ತರು, ವಿಕಿರಣದಿಂದಲ್ಲ. ಮುಂದಿನ ವರ್ಷಗಳಲ್ಲಿ ಫುಕುಶಿಮಾ ಪ್ರಾಂತ್ಯವೊಂದರಲ್ಲೇ ಸ್ಥಳಾಂತರದ ದಣಿವು, ಔಷಧಿ ತಪ್ಪಿದ್ದು, ಮನಸ್ಸು ಮುರಿದದ್ದು ಇಂಥ ಕಾರಣಗಳಿಂದ ಸತ್ತವರು 2,300ಕ್ಕೂ ಹೆಚ್ಚು ಅಂತ ಸರ್ಕಾರಿ ಲೆಕ್ಕವೇ ಇದೆ. ವೈದ್ಯರು, ಆಮ್ಲಜನಕ, ಆಹಾರ ಇದ್ದರೆ ಅಂಥ ಆಸ್ಪತ್ರೆಯಲ್ಲಿ ಕಿಟಕಿ ಮುಚ್ಚಿಕೊಂಡು ಕೆಲವು ದಿನ ಇರುವುದೇ ಎಷ್ಟೋ ರೋಗಿಗಳಿಗೆ ಕ್ಷೇಮ. ಆದರೆ ಅವನ್ನು ಒಳಗೆ ತಲುಪಿಸುವವರು ಯಾರು ಅನ್ನುವುದನ್ನು ಅವಘಡದ ಮೊದಲೇ ತೀರ್ಮಾನಿಸಿರಬೇಕು. ಆ ರಾತ್ರಿ ಯಾರಿಗೂ ಅದನ್ನು ಯೋಚಿಸುವ ಸಮಾಧಾನ ಇರುವುದಿಲ್ಲ.

ಆಮೇಲೆ ಬರುವ ತೀರ್ಮಾನಗಳಲ್ಲಿ ಅನಿಶ್ಚಿತತೆ ಬೇರೆ ಥರದ್ದು. 2011ರ ಏಪ್ರಿಲ್‌ನಲ್ಲಿ ಜಪಾನ್ ಸರ್ಕಾರ ಶಾಲೆಗಳನ್ನು ನಡೆಸಲು ವರ್ಷಕ್ಕೆ 20 ಮಿಲಿಸೀವರ್ಟ್ (ಮೈಗೆ ತಾಗುವ ವಿಕಿರಣದ ಅಳತೆ) ಮಿತಿಯನ್ನು ಆಧಾರ ಮಾಡಿಕೊಂಡಿತು. ಮಕ್ಕಳಿಗೆ ಅದು ಜಾಸ್ತಿ ಅಂತ ಪ್ರಧಾನಿ ಕಚೇರಿಯ ಸಲಹೆಗಾರರಾಗಿದ್ದ ವಿಕಿರಣ ಸುರಕ್ಷತಾ ತಜ್ಞರೊಬ್ಬರೇ ರಾಜೀನಾಮೆ ಕೊಟ್ಟರು. ಅಪ್ಪ ಅಮ್ಮಂದಿರು ಪ್ರತಿಭಟಿಸಿದರು. ಮೇ ಕೊನೆಗೆ ಸರ್ಕಾರ ಶಾಲೆಯಲ್ಲಿ 1 ಮಿಲಿಸೀವರ್ಟ್‌ಗೆ ಇಳಿಸುವ ಗುರಿ ಹೇಳಿತು. 100 ಮಿಲಿಸೀವರ್ಟ್‌ಗಿಂತ ಕಡಿಮೆ ಇದ್ದಾಗ ಎಷ್ಟು ಅಪಾಯ ಅಂತ ವಿಜ್ಞಾನ ಖಚಿತವಾಗಿ ಅಳೆದು ಹೇಳಲಾರದು. ಹಾಗಿರುವಾಗ ಎಷ್ಟು ಅಪಾಯ ಒಪ್ಪಬಹುದು ಅನ್ನುವುದು ಬದುಕಿನ ಪ್ರಶ್ನೆ. ಆ ಅಂಗಳದಲ್ಲಿ ಆಡುವ ಮಕ್ಕಳ ಮನೆಯವರನ್ನು ಮಿತಿ ಬರೆಯುವ ಮೊದಲೇ ಕೂರಿಸಿ ಕೇಳಬೇಕಿತ್ತು, ಅವರು ಬೀದಿಗೆ ಬಂದ ಮೇಲೆ ಅಲ್ಲ.